ದಬದಬಿಯ ಸಪ್ಪಳ

ಶ್ರಾವಣದ ಜಡಿಮಳೆ ಬಿಟ್ಟ ಮರುದಿನ ಜಾನಕೀಬಾಯಿ ತಾವಾಗಿಯೇ ಸೊಸೆಗೆ ಹೇಳಿದರು: “ಅಮೀರು ಕರ್ಯಾಕತ್ತಾಳಲ್ಲ, ಹೋಗಿ ದಬದಬಿ ನೀರು ಧುಮುಕೂದು ನೋಡಿಕೊಂಡು ಬಾ. ಯುಗಾದಿಯಿಂದ ಮಾರಿ ಬಾಡಿಸಿಕೊಂಡು ಕುಂತೀದಿ. ನನಗ ನೋಡಾಕ ಆಗವಲ್ದು.”

ಶಾರದಾಬಾಯಿಯ ಗಂಡ ಪಾಂಡುರಂಗ ಯುಗಾದಿ ಮುಗಿಯುತ್ತಲೇ ಊರು ಬಿಟ್ಟಿದ್ದ. ನಿಜಾಮರ ಆಳ್ವಿಕೆಯ ವಿರುದ್ಧ ಹೋರಾಡುವವರು ಸೊಲ್ಲಾಪುರದ ಕಡೆ, ಗಡಿಯಾಚೆ ಕ್ಯಾಂಪು ಹೂಡಿದ್ದರು, ಅವನೂ ಅಲ್ಲಿದ್ದ. ಆಳಂದದ ಹತ್ತಿರದ ಆ ಹಳ್ಳಿಯಲ್ಲಿ ಅವನ ಹೆಸರನ್ನು ಜೋರಾಗಿ ಹೇಳುವಂತಿರಲಿಲ್ಲ. ನಿಜಾಮರ ಕಡೆಯ ರಜಾಕಾರರು ಎರಡು ಸಲ ಬಂದು ಮನೆ ಜಾಲಾಡಿದ್ದರು. ಎರಡೂ ಸಲ ಪಕ್ಕದ ಮನೆಯ ಅಮೀರುನ್ನಿಸಾ ಹಿತ್ತಿಲ ಬಾಗಿಲಿನಿಂದ ಬಂದು ಶಾರದಾಬಾಯಿಯ ಕೈ ಹಿಡಿದು ನಿಂತಿದ್ದಳು.

ಗೆಳತಿಯರಿಬ್ಬರೂ ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊರಟರು. ಎರಿಹೊಲದ ಬದುವಿನ ಮೇಲೆ ಚಪ್ಪಲಿಗೆ ಮಣ್ಣು ಮೆತ್ತಿ ಮೆತ್ತಿ ಭಾರವಾಯಿತು. ಕಳಚಿ ಕೈಯಲ್ಲಿ ಹಿಡಿದುಕೊಂಡರು. ಮುಂದೆ ಗುಡ್ಡ. ಮುಳ್ಳುಕಂಟಿಗಳ ನಡುವಿನ ಕುರಿದಾರಿ ಹಿಡಿದು ಹತ್ತಿ, ಆಚೆ ಕೊಳ್ಳಕ್ಕೆ ಇಳಿಯಬೇಕು. ಇಳಿಯುವಲ್ಲಿ ಪಾಚಿಗಟ್ಟಿದ ಬಂಡೆ. ಅಮೀರುನ್ನಿಸಾ ಜಾರಿ ಕುಳಿತೇಬಿಟ್ಟಳು. “ಯಾ ಅಲ್ಲಾ, ನನ್ನ ಸೊಂಟ ಹೋತs ಶಾರದಕ್ಕಾ!” ಎಂದು ಕೂಗಿದರೂ ಅವಳ ಮುಖದ ತುಂಬ ನಗು.

ಕರಿಬಂಡೆಯ ತುದಿಯಿಂದ ಹಳ್ಳವೆಲ್ಲ ಒಮ್ಮೆಲೇ ಕೆಳಗೆ ಬೀಳುತ್ತಿತ್ತು. ಹೊಲದ ಮಣ್ಣು ಕೂಡಿ ನೀರು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಮಾತಾಡಿದರೆ ಕೇಳದಷ್ಟು ಸಪ್ಪಳ. ಆ ಸಪ್ಪಳದಲ್ಲಿ ಶಾರದಾಬಾಯಿ ಗಂಡನ ಹೆಸರನ್ನು ಗಂಟಲು ಬಿಚ್ಚಿ ಕೂಗಿದಳು. ಪಕ್ಕದಲ್ಲಿದ್ದವಳಿಗೂ ಅದು ಕೇಳಲಿಲ್ಲ. ಆಮೇಲೆ ಸುಮ್ಮಸುಮ್ಮನೆ ನಗು ಬಂತು; ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಹೊತ್ತು ಪಡುವಣಕ್ಕೆ ಬಾಗುವ ತನಕ ಇಬ್ಬರೂ ಅಲ್ಲಿಂದ ಏಳಲಿಲ್ಲ.

ತೊಯ್ದ ಸೀರೆಯಲ್ಲಿ ಮನೆಗೆ ಬಂದಾಗ ಜಾನಕೀಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಮುಂದೆ ಉಂಡ ಎಲೆ ಹಾಗೇ ಇತ್ತು.

“ಪಾಂಡು ಬಂದಿದ್ದ,” ಎಂದರು. “ಕುರುಬರ ಹಾಂಗ ಕಂಬಳಿ ಹೊದ್ದು ಬಂದಿದ್ದ. ನಿನ್ನ ಮಾರಿ ನೋಡಿ ಹೋಗಬೇಕಂತ ಊಟ ಆದ ಮ್ಯಾಲೂ ಕುಂತಾ. ‘ಅಮೀರುನ ಅಕ್ಕ ಪ್ಯಾರಿಬಿಯ ಹೆರಿಗಿ ಮಾಡಸಾಕ ಶಾರದಾ ಅತನೂರಿಗೆ ಹೋಗ್ಯಾಳ, ಇವತ್ತ ಬರೂದಿಲ್ಲ’ ಅಂದೆ. ಹೋಗಿಬಿಟ್ಟ.”

ಶಾರದಾಬಾಯಿ ಆ ಎಲೆಯ ಮುಂದೆ ಕುಳಿತಳು. ಅತ್ತೆ ಯಾಕೆ ಸುಳ್ಳು ಹೇಳಿದರೆಂದು ಕೇಳಲಿಲ್ಲ. ಅಷ್ಟೊಂದು ನಕ್ಕಿದ್ದಕ್ಕೆ ತಕ್ಕ ಶಾಸ್ತಿಯಾಯಿತು ಎಂದುಕೊಂಡಳು. ಅಂದಿನಿಂದ ಉಣ್ಣಲು ಕುಳಿತರೆ ಆ ಎಲೆಯೇ ಕಣ್ಣ ಮುಂದೆ ಬರುತ್ತಿತ್ತು.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು. ನಿಜಾಮರ ಆಡಳಿತ ಮುಗಿಯಿತು. ರಜಾಕಾರರ ಮೇಲಿನ ಸಿಟ್ಟು ಮುಸಲ್ಮಾನರ ಮನೆಗಳ ಮೇಲೆ ತಿರುಗಿತು; ಹೆದರುವ ಸರದಿ ಈಗ ಅಮೀರುನ್ನಿಸಾಳ ಮನೆಯವರದಾಯಿತು. ಜಾನಕೀಬಾಯಿ ಗಲಾಟೆ ತಣ್ಣಗಾಗುವವರೆಗೆ ಅವರನ್ನೆಲ್ಲ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವರು ತಮ್ಮ ಮನೆಗೆ ಮರಳಿದ ಮೇಲೆ ಪಾಂಡುರಂಗ ಬಂದ. ಬಡಕಲಾಗಿದ್ದ, ಗಡ್ಡ ಬಿಟ್ಟಿದ್ದ.

“ಪ್ಯಾರಿಬಿ ಹೆರಿಗಿ ಸುಸೂತ್ರ ಆತೇನು?” ಎಂದು ಹೆಂಡತಿಯನ್ನು ಕೇಳಿದ. “ಇಂಥಾ ಕಾಲದಾಗ ಅವರ ಸಲುವಾಗಿ ಅತನೂರತನಕ ಹೋಗಿದ್ದಿ. ಕ್ಯಾಂಪಿನ್ಯಾಗ ಎಲ್ಲಾರಿಗೂ ಹೇಳಿದೆ, ನನ್ನ ಹೆಂಡತಿ ಇಂಥಾಕಿ ಅಂತ.”

ಆ ಹೊಗಳಿಕೆಯನ್ನು ಅವಳಿಂದ ತಡೆಯಲಾಗಲಿಲ್ಲ.

“ನಾ ಅತನೂರಿಗೆ ಹೋಗಿರಲಿಲ್ರಿ. ಅಮೀರುನ ಜೋಡಿ ದಬದಬಿ ನೋಡಾಕ ಹೋಗಿದ್ದೆ. ನೀವು ಇಲ್ಲಿ ಹಾದಿ ಕಾಯಾಕತ್ತಾಗ ನಾ ಅಲ್ಲಿ ನಗಾಕತ್ತಿದ್ದೆ.”

ಪಾಂಡುರಂಗ ಸಿಟ್ಟಾಗಲಿಲ್ಲ. ಅವಳನ್ನೇ ನೋಡುತ್ತ, “ನಾ ಅವತ್ತ ಹೊತ್ತು ಇಳಿದ ಮ್ಯಾಲೆ ಗುಡ್ಡದ ದಾರೀಲೇ ಗಡಿಗೆ ಹೋದೆ,” ಎಂದ. “ಕೆಳಗ ದಬದಬಿ ಸಪ್ಪಳ ಕೇಳಸ್ತು. ಇಳದು ನೀರು ಕುಡದು ಹೋಗೂಣೇನು ಅನಿಸ್ತು. ಇಳೀಲಿಲ್ಲ. ನೀ ಅಲ್ಲಿದ್ದೀ ಅಂತ ಗೊತ್ತಿದ್ರ ಓಡಿ ಬರ್ತಿದ್ದೆ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಜಾನಕೀಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ಮುಖ ಬಿಳಿಚಿತ್ತು. “ಗಂಡ ಅಡವ್ಯಾಗ ಅಲೀತಿರಬೇಕಾದ್ರ ಹೆಂಡತಿ ನೀರು ನೋಡಾಕ ಹೋಗ್ಯಾಳಂದ್ರ ನಿನಗ ಹ್ಯಾಂಗ ಅನಿಸ್ತದೋ ಅಂತ ಸುಳ್ಳು ಹೇಳಿದೆನೋ ಪಾಂಡು. ನಾನs ನಿಮ್ಮಿಬ್ಬರನ್ನ ತಪ್ಪಿಸಿದೆ. ಗುಂಡು ಹಾರತಿದ್ದ ಗಡಿಗೆ ನಿನ್ನ ಹಾಂಗs ಕಳಿಸಿದೆ.”

ಶಾರದಾಬಾಯಿ ಥಟ್ಟನೆ ಎದ್ದಳು. “ಇಲ್ರಿ ಅತ್ಯಾ. ನಾವು ಮಧ್ಯಾಹ್ನದಾಗs ಅಲ್ಲಿಂದ ಎದ್ದಿದ್ವಿ. ಆಮ್ಯಾಲೆ ಅಮೀರುನ ಹೊಲದಾಗ ಕುಂತ್ವಿ. ಇವರು ಇಳಿದಿದ್ರೂ ನಾವು ಸಿಗತಿರಲಿಲ್ಲ.”

“ಖರೇನ?”

“ಖರೇನರಿ.”

ಜಾನಕೀಬಾಯಿ ದೀರ್ಘವಾಗಿ ಉಸಿರು ಬಿಟ್ಟು ಒಲೆಯ ಮುಂದೆ ಹೋಗಿ ಕುಳಿತರು. ಪಾಂಡುರಂಗನೂ, “ಹಾಂಗಿದ್ರ ಆತು ಬಿಡವ್ವಾ,” ಎಂದ.

ದೀಪಾವಳಿಗೆ ಮೊದಲು ಅವನೇ ಅವಳನ್ನು ಗುಡ್ಡಕ್ಕೆ ಕರೆದುಕೊಂಡು ಹೋದ. ನೀರು ಇಳಿದಿತ್ತು, ತಿಳಿಯಾದ ಒಂದೇ ಧಾರೆ ಬಂಡೆಗೆ ಅಂಟಿಕೊಂಡು ಇಳಿಯುತ್ತಿತ್ತು. ಮೇಲೆ, ಆಕಾಶದ ಅಂಚಿನಲ್ಲಿ, ಅವನು ನಡೆದುಹೋದ ದಾರಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಂದು ಅವಳು ಒಮ್ಮೆ ತಲೆಯೆತ್ತಿದ್ದರೆ ಸಾಕಿತ್ತು.

“ಸಂಜಿಮುಂದ ಇಲ್ಲಿ ಬಿಸಲು ಬೀಳ್ತದೇನು?” ಪಾಂಡುರಂಗ ಕೇಳಿದ.

“ನನಗೇನು ಗೊತ್ತರಿ, ನಾವು ಮಧ್ಯಾಹ್ನದಾಗs ಎದ್ದಿದ್ವಲ್ಲ,” ಎಂದಳು ಶಾರದಾಬಾಯಿ. ಮುಖ ತಿರುಗಿಸಿಕೊಂಡು ಕಾಲನ್ನು ನೀರಿಗಿಟ್ಟಳು.