ಕಾವಲು ವಿಮಾನಕ್ಕೊಂದು ಕಿಟಕಿ

ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಏಳು ಬೆಟ್ಟಗಳ ನಡುವಿನ ರಾಜ್ಯವೊಂದನ್ನು ಒಂದು ಹಕ್ಕಿ ಕಾಯುತ್ತಿತ್ತಂತೆ. ಅದರ ಕಣ್ಣಿದ್ದದ್ದು ಬೆನ್ನ ಮೇಲೆ. ಏಳನೆಯ ಬೆಟ್ಟದಾಚೆ ಶತ್ರುವಿನ ಕುದುರೆ ಬಾಲ ಬೀಸಿದರೂ ಅದಕ್ಕೆ ಕಾಣುತ್ತಿತ್ತು. ತನ್ನ ಹೊಟ್ಟೆಯ ಕೆಳಗಿದ್ದ ಊರು ಮಾತ್ರ ಕಂಡದ್ದೇ ಇಲ್ಲ. ಒಂದು ದಿನ ಅದು ರಾಜನ ಬಳಿ ಹೋಗಿ, "ದೊರೆಯೇ, ನಾನು ಕಾಯುವ ಊರನ್ನು ಒಂದು ಸಲ ನೋಡಬೇಕು" ಎಂದಿತು. "ಅದಕ್ಕೇನು, ನಾಳೆ ನೋಡುವಿಯಂತೆ" ಎಂದ ರಾಜ.

ಅಜ್ಜಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಮಗ್ಗುಲಾಗುತ್ತಿದ್ದಳು. ಆಮೇಲೆ, ಆಮೇಲೆ ಎಂದು ನಾನು ಪೀಡಿಸಿದರೆ, "ಆಮೇಲೇನು, ನಾಳೆ ಇನ್ನೂ ಆಗಿಲ್ಲವಲ್ಲ, ಮಲಕ್ಕೋ" ಎನ್ನುವಳು.

ಆ ಹಕ್ಕಿ ನನ್ನ ಚಿಕ್ಕಮ್ಮನೇ ಎಂದು ನಾನು ಬಹಳ ದಿನ ನಂಬಿದ್ದೆ. ಅಮ್ಮನ ತಂಗಿ ಅವಳು, ಮದುವೆಯಾಗದೆ ನಮ್ಮ ಜೊತೆಗೇ ಇದ್ದವಳು. ಬೆನ್ನ ಮೇಲೆ ದೊಡ್ಡ ತಟ್ಟೆ ಹೊತ್ತು ಹಾರುವ ರೇಡಾರ್ ವಿಮಾನದಲ್ಲಿ ಅವಳಿಗೆ ಕೆಲಸ. ದೂರದಿಂದ ಯಾವುದೇ ವಿಮಾನ ಇತ್ತ ತಿರುಗಿದರೆ ನೆಲದಲ್ಲಿರುವವರಿಗಿಂತ ಮೊದಲೇ ಕಂಡು ಹೇಳುವುದು. ಆ ವಿಮಾನದ ಫೋಟೊ ಮೊದಲ ಸಲ ನೋಡಿದಾಗ ಅಜ್ಜಿ, "ಇದೇನೇ, ಮುಚ್ಚಳ ಕದ್ದು ಓಡ್ತಿರೋ ಹಾಗಿದೆ" ಎಂದಿದ್ದಳು. ಚಿಕ್ಕಮ್ಮ ಮನೆಯಲ್ಲಿರುವಾಗ ಒಲೆಯ ಮೇಲಿನ ಹಾಲು ಉಕ್ಕಿದರಂತೂ ಮುಗಿಯಿತು. "ದೇಶದ ಆಕಾಶವೆಲ್ಲ ಕಾಣುತ್ತಂತೆ ಇವಳಿಗೆ. ಮೊಳದಾಚೆಯ ಹಾಲು ಕಾಣಲ್ಲ."

ಮೋಡದ ಮೇಲೆ ಹೇಗಿರುತ್ತೆ ಎಂದು ನಾನು ಒಮ್ಮೆ ಕೇಳಿದೆ. ಕೆಲಸ ಮುಗಿಸಿ ಬಂದು ಕಣ್ಣ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು.

"ಗೊತ್ತಿಲ್ಲ ಕಣೇ."

"ಸುಳ್ಳು."

"ನಿನ್ನಾಣೆ. ನಾವು ಕೂರೋ ಕಡೆ ಕಿಟಕಿನೇ ಇಲ್ಲ. ಹತ್ತಿ ಕೂತರೆ ಇಳಿಯೋವರೆಗೂ ಪರದೆ, ಪರದೆ ಮೇಲೆ ಚುಕ್ಕೆ."

"ನಮ್ಮ ಮನೆ ಮೇಲೆ ಹೋಗಿದ್ದೀಯಾ?"

"ಎಷ್ಟೋ ಸಲ. ಆದರೆ ಮನೆ ಚುಕ್ಕೆಯಾಗಿ ಕೂಡ ಬರಲ್ಲ. ನೆಲದಿಂದ ಬರೋದನ್ನೆಲ್ಲ ಯಂತ್ರ ಅಳಿಸಿಬಿಡುತ್ತೆ, ಇಲ್ಲದಿದ್ರೆ ವಿಮಾನ ಕಾಣಲ್ಲ."

ಪೈಲಟ್ ಪಕ್ಕ ಹೋಗಿ ಇಣುಕಬಾರದೇ ಎಂದೆ. ತಾನು ಎದ್ದರೆ ತನ್ನ ಪಾಲಿನ ಆಕಾಶವನ್ನು ಯಾರು ನೋಡುತ್ತಾರೆ ಎಂದಳು. ಸಾಮಾನ್ಯ ವಿಮಾನದಲ್ಲಿ ಕಿಟಕಿ ಪಕ್ಕ ಕೂರಬಹುದಲ್ಲ ಎಂದೆ. ಅವಳು ಬಟ್ಟೆ ಸರಿಸಿ ಒಂದು ಕಣ್ಣಲ್ಲಿ ನನ್ನನ್ನು ನೋಡಿದಳು.

"ಅದು ಊರಿಗೆ ಹೋಗೋದು. ನನಗೆ ಬೇಕಿರೋದು ನನ್ನ ಸೀಟಲ್ಲಿ ಕೂತು, ಕಾಯ್ತಾ ಇರೋ ಹೊತ್ತಲ್ಲಿ ಕೆಳಗೆ ಒಂದು ಸಲ ನೋಡೋದು. ಯಾರ ಮನೆ ಮುಂದೆ ಬಟ್ಟೆ ಒಣಹಾಕಿದ್ದಾರೆ, ಅಷ್ಟು ಕಂಡ್ರೂ ಸಾಕು."

"ನಾನು ದೊಡ್ಡೋಳಾದ ಮೇಲೆ ಮಾಡಿಕೊಡ್ತೀನಿ, ಕಿಟಕಿ."

"ಮಾಡಿಕೊಡು ಮಹಾರಾಯ್ತಿ," ಎಂದು ಮತ್ತೆ ಬಟ್ಟೆ ಎಳೆದುಕೊಂಡಳು. ಅವಳು ನಗಲಿಲ್ಲವೆಂಬುದೇ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಹಾಗೆ ಕಿಟಕಿಯ ಕನಸು ಕಾಣುತ್ತ ಕಾಣುತ್ತ ನಾನು ಸೇರಿದ್ದು ಆ ಹಳೆಯ ವಿಮಾನಗಳ ಬದಲಿಗೆ ಬರುವ ಹೊಸದರ ಮಾದರಿ ಮಾಡುವ ಕಚೇರಿಗೆ. ಹೊಸದು ಬರುತ್ತೆ ಬರುತ್ತೆ ಎನ್ನುವುದು ನಾನು ಶಾಲೆಗೆ ಹೋಗುವಾಗಲೇ ಶುರುವಾದ ಮಾತು. ಅದು ಬರುವವರೆಗೆ ಹಳೆಯವೇ ತೇಪೆಯ ಮೇಲೆ ತೇಪೆ ಹಾಕಿಸಿಕೊಂಡು ಹಾರಿದವು. ಒಂದರ ಅಂಗ ಕಿತ್ತು ಇನ್ನೊಂದಕ್ಕೆ ಜೋಡಿಸಿ, ಕಡೆಗೆ ಗಟ್ಟಿಯಾಗಿ ಉಳಿದದ್ದು ಒಂದೇ. ಅದರಲ್ಲೇ ಚಿಕ್ಕಮ್ಮನ ಸೀಟು, ಎಡಬದಿಯಲ್ಲಿ.

ನಮ್ಮ ಹೊಸ ವಿಮಾನ ಮೊದಲು ಕಂಪ್ಯೂಟರಿನಲ್ಲಿ ಹುಟ್ಟಿತು, ಆಮೇಲೆ ಶೆಡ್ಡಿನಲ್ಲಿ ಪ್ಲೈವುಡ್ಡಿನಲ್ಲಿ. ನಿಜವಾದದ್ದಷ್ಟೇ ಉದ್ದ, ನಿಜವಾದದ್ದಷ್ಟೇ ಇಕ್ಕಟ್ಟು. ಪರದೆ ನೋಡುವ ಆಪರೇಟರುಗಳನ್ನು ಕರೆಸಿ ಕೂರಿಸಿ, ಮೊಣಕಾಲು ತಾಗುತ್ತಾ, ಕೈಗೆ ಗುಂಡಿ ಎಟುಕುತ್ತಾ ಎಂದು ನೋಡುವುದು. ಮರದಲ್ಲಿ ಆದ ತಪ್ಪನ್ನು ಬಡಗಿ ತಿದ್ದುತ್ತಾನೆ. ಲೋಹದಲ್ಲಿ ಆದದ್ದನ್ನು ತಿದ್ದಲು ಸರ್ಕಾರವೇ ಬದಲಾಗಬೇಕು ಎಂದು ನಮ್ಮಲ್ಲೊಂದು ಮಾತಿತ್ತು.

ವಿಭಾಗದ ಮುಖ್ಯಸ್ಥರನ್ನು ಬೆನ್ನ ಹಿಂದೆ ತೂಕಪ್ಪ ಎನ್ನುತ್ತಿದ್ದೆವು. ಯಾರು ಏನು ತಂದರೂ ಅವರ ಮೊದಲ ಪ್ರಶ್ನೆ ತೂಕ ಎಷ್ಟು ಎಂದೇ. ಮದುವೆಯ ಕರೆಯೋಲೆ ಕೊಟ್ಟರೂ ಅಂಗೈಯಲ್ಲಿ ಒಮ್ಮೆ ತೂಗಿ ನೋಡಿಯೇ ಜೇಬಿಗಿಡುವರು. ಕಿಟಕಿಯ ಮಾತೆತ್ತಿದಾಗ ಕನ್ನಡಕ ತೆಗೆದರು.

"ಕಿಟಕಿ ತೂಕ ಕಿಟಕಿದಲ್ಲಮ್ಮ, ಅದರ ಸುತ್ತಲಿನ ಚೌಕಟ್ಟಿಂದು. ಅದೂ ಹೋಗಲಿ. ಒಳಗೆ ಬೆಳಕು ಬಂದ್ರೆ ಪರದೆ ಗತಿ ಏನು?"

"ಒಂದೇ ಒಂದು, ಸರ್. ಚಿಕ್ಕದು. ಪರೀಕ್ಷೆ ಮಾಡಿ ನೋಡೋಣ."

ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಪ್ಲೈವುಡ್ಡಿಗೇನು, ತೂಕ ಇಲ್ಲ. ಕೊರೀರಿ," ಎಂದರು.

ಬಡಗಿ ಎಡಬದಿಯ ಸೀಟಿನ ಪಕ್ಕ ದುಂಡಗೆ ಕೊರೆದ. ಅಂಚನ್ನು ಉಜ್ಜಿ ಉಜ್ಜಿ ಕೆನ್ನೆಯ ಹಾಗೆ ನಯ ಮಾಡಿದ. ಕಾವಲು ವಿಮಾನ ಆಕಾಶದಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಆದ್ದರಿಂದ ಬಿಸಿಲು ಪ್ರತಿ ಸುತ್ತಿಗೂ ಒಮ್ಮೆ ಕಿಟಕಿಗೆ ಬಂದು ಹೋಗುತ್ತದೆ. ಅದಕ್ಕಾಗಿ ಗಾಲಿ ಇರುವ ಕಂಬಕ್ಕೆ ದೊಡ್ಡ ದೀಪ ಕಟ್ಟಿ, ಮಾದರಿಯ ಸುತ್ತ ತಳ್ಳಿಕೊಂಡು ನಡೆಯಬೇಕಿತ್ತು. ಆ ಕೆಲಸವೂ ಬಡಗಿಗೇ ಬಂತು.

"ಇವತ್ತು ಸೂರ್ಯ ನಾನೇ. ಕಾಲು ನೋವು ಬಂದ್ರೆ ಗ್ರಹಣ," ಎಂದ ಅವನು.

ಪರದೆಯ ಮೇಲೆ ಹಿಂದೆಂದೋ ದಾಖಲಾಗಿದ್ದ ಆಕಾಶವನ್ನು ಓಡಿಸಿದೆವು. ಮೊದಲು ಎಳೆಯ ಆಪರೇಟರುಗಳು ಸರದಿಯಲ್ಲಿ ಕೂತರು. ಎದ್ದು ಬಂದವರೆಲ್ಲ ಚೆನ್ನಾಗಿದೆ ಎಂದರು. ಉಸಿರಾಡಿದ ಹಾಗಾಯ್ತು ಎಂದೊಬ್ಬ. ತೂಕಪ್ಪನವರ ಮುಖ ಕೂಡ ಸ್ವಲ್ಪ ಸಡಿಲವಾಗಿತ್ತು. ಕಡೆಯ ಸರದಿ ಚಿಕ್ಕಮ್ಮನದು. ಅವಳು ಕಿಟಕಿಯ ಅಂಚನ್ನು ಒಮ್ಮೆ ಬೆರಳಿನಿಂದ ಸವರಿದಳು. ಆಮೇಲೆ ಪರದೆಗೆ ತಿರುಗಿದಳು.

ಬಡಗಿ ದೀಪ ತಳ್ಳಿಕೊಂಡು ಬಂದ. ಬೆಳಕು ಅವಳ ಭುಜದ ಮೇಲೆ, ಕೆನ್ನೆಯ ಮೇಲೆ, ಪರದೆಯ ಮೂಲೆಯ ಮೇಲೆ ಹಾದು ಹೋಯಿತು. ನಾನು ಅವಳನ್ನೇ ನೋಡುತ್ತಿದ್ದೆ.

"ನಿಲ್ಲಿಸಿ," ಎಂದಳು ಚಿಕ್ಕಮ್ಮ.

ಯಾರಿಗೂ ಏನೂ ಕಂಡಿರಲಿಲ್ಲ.

"ಬೆಳಕು ದಾಟೋ ಹೊತ್ತಿಗೆ ಮೂಲೇಲಿ ಒಂದು ಚುಕ್ಕೆ ಬಂತು. ಬಂದಿದ್ದು ನನಗೆ ಗೊತ್ತಾಗಲೇ ಇಲ್ಲ. ಬೆಳಕು ಹೋದ ಮೇಲೆ ನೋಡಿದ್ರೆ ಗಡಿ ಒಳಗೇ ಬಂದುಬಿಟ್ಟಿದೆ."

ಹಿಂದಕ್ಕೆ ಓಡಿಸಿ ನೋಡಿದರು. ಅವಳು ಹೇಳಿದ ಹಾಗೇ ಇತ್ತು.

"ಕಿಟಕಿಗೆ ಬಟ್ಟೆ ಪರದೆ ಬಿಡೋಣ," ಎಂದೆ ನಾನು.

"ಬಿಟ್ಟ ಪರದೆ ಯಾರೋ ಒಬ್ಬರು ಸರಿಸೇ ಸರಿಸ್ತಾರೆ. ನಾನೇ ಸರಿಸ್ತೀನಿ." ಅವಳು ತೂಕಪ್ಪನವರ ಕಡೆ ನೋಡಿದಳು. "ಮುಚ್ಚಿಬಿಡಿ, ಸರ್."

ಆ ಸಂಜೆ ನಾನು ಊಟ ಬೇಡ ಎಂದೆ. "ನೀನೇ ಅಲ್ವಾ ಕೇಳಿದ್ದು?" ಎಂದು ಚಿಕ್ಕಮ್ಮನ ಮೇಲೆ ಹರಿಹಾಯ್ದೆ.

"ನಾನೇ ಕೇಳಿದ್ದು. ಚುಕ್ಕೆ ತಪ್ಪಿಹೋಗಿದ್ದೂ ನಿಜವೇ ಅಲ್ವಾ."

"ಯಾರೂ ಗಮನಿಸಿರ್ಲಿಲ್ಲ. ಬಾಯಿ ಮುಚ್ಚಿಕೊಂಡಿದ್ರೆ ಕಿಟಕಿ ಬರ್ತಿತ್ತು. ಹೇಗೂ ಹೊಸದರಲ್ಲಿ ಕೂರೋಳು ನೀನಲ್ಲ."

ನಿಜ, ಡಾಕ್ಟರು ಅವಳ ಬೆನ್ನು ನೋಡಿ, ಹಳೆಯ ವಿಮಾನ ನಿಂತಾಗ ನೀವೂ ಹಾರುವುದನ್ನು ನಿಲ್ಲಿಸಿ ಎಂದಿದ್ದರು. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಚಿಕ್ಕಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು.

"ಅವಳು ಕಿಟಕಿ ಬೇಡ ಅಂದ್ಲು, ನೀನು ಊಟ ಬೇಡ ಅಂದೆ," ಎಂದಳು ಅಜ್ಜಿ. "ಈ ಮನೇಲಿ ಎಲ್ಲಾ ಬೇಕು ಅನ್ನೋಳು ನಾನೊಬ್ಬಳೇ. ಹಲ್ಲು ನೋಡಿದ್ರೆ ಒಂದೂ ಇಲ್ಲ."

ಬಡಗಿ ಮಾರನೆಯ ದಿನವೇ ಆ ತೂತಿಗೆ ಬಿಲ್ಲೆ ಕೂರಿಸಿ ಬಣ್ಣ ಬಳಿದ. ಮಾದರಿ ಒಪ್ಪಿಗೆಯಾಯಿತು. ಮೊದಲ ಹೊಸ ವಿಮಾನ ಹಾರುವ ಹೊತ್ತಿಗೆ ಹಳೆಯದು ಕಡೆಯ ಸಲ ಇಳಿದು, ರನ್‌ವೇಯ ಕೊನೆಯಾಚೆಯ ಹುಲ್ಲಿನಲ್ಲಿ ನಿಂತಿತು. ಚಿಕ್ಕಮ್ಮ ಈಗ ಹೊಸಬರಿಗೆ ನೆಲದ ಮೇಲೆ ಪಾಠ ಹೇಳುತ್ತಿದ್ದಳು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟು ಮಾತಾಡುತ್ತಿದ್ದಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ನನಗೂ ಸಿಗಲಿಲ್ಲ.

ಒಂದು ಬೆಳಿಗ್ಗೆ ತೂಕಪ್ಪನವರು ಕರೆದರು. ಹಳೆಯ ವಿಮಾನದ ಮೈಯಿಂದ ಒಂದು ತುಂಡು ಬೇಕಿತ್ತು. ಇಷ್ಟು ವರ್ಷ ಒಳಗಿನ ಗಾಳಿಯ ಒತ್ತಡಕ್ಕೆ ಉಬ್ಬಿ ಕುಗ್ಗಿ ಲೋಹ ಎಷ್ಟು ದಣಿದಿದೆ ಎಂದು ಅದರಿಂದ ಅಳೆದು, ಹೊಸದು ಎಷ್ಟು ಬಾಳಬಹುದೆಂಬ ಲೆಕ್ಕದ ಮಾದರಿಗೆ ಸೇರಿಸಬೇಕಿತ್ತು.

"ಎಡಬದಿ, ರೆಕ್ಕೆ ಹಿಂದೆ. ತೇಪೆ ಇಲ್ಲದ ಜಾಗ ಆಗಬೇಕು, ಅಷ್ಟೇ. ಎಲ್ಲಿ ಅಂತ ನೀವೇ ಗುರುತು ಹಾಕಿ."

ಸೀಮೆಸುಣ್ಣ ಹಿಡಿದು ಏಣಿ ಹತ್ತಿದೆ. ತೇಪೆಯಿಲ್ಲದ ಜಾಗಗಳನ್ನೆಲ್ಲ ತಟ್ಟಿ ನೋಡಿದೆ. ಒಳಗೆ ಹೋಗಿ, ಸೀಟು ಎಣಿಸಿ, ಗೇಣು ಹಾಕಿ ಅಳೆದು, ಮತ್ತೆ ಹೊರಗೆ ಬಂದು ಒಂದು ದುಂಡು ಬರೆದೆ.

ಮನೆಗೆ ಹೋಗಿ, "ಚಿಕ್ಕಮ್ಮ, ನಾಳೆ ಸ್ವಲ್ಪ ಬರ್ತೀಯಾ? ನಿನ್ನ ಸೀಟಲ್ಲಿ ಕೂರಬೇಕು," ಎಂದೆ.

"ಯಾಕೆ?"

"ಕೆಲಸ ಇದೆ."

ಕೆಲಸ ಎಂದರೆ ಅವಳು ಇಲ್ಲ ಎನ್ನುವವಳಲ್ಲ.

ಒಳಗೆ ಪರದೆಗಳನ್ನೆಲ್ಲ ಕಳಚಿ ಒಯ್ದಿದ್ದರು. ಅವುಗಳಿದ್ದ ಜಾಗದಲ್ಲಿ ಕತ್ತರಿಸಿದ ತಂತಿಗಳು ಜೋತಾಡುತ್ತಿದ್ದವು. ಚಿಕ್ಕಮ್ಮ ಧೂಳು ಕೊಡವಿ ಕೂತಳು. ಅಭ್ಯಾಸಬಲದಿಂದ ಪಟ್ಟಿಯನ್ನೂ ಬಿಗಿದುಕೊಂಡಳು. ನಾನು ಅವಳ ಕಣ್ಣಿಗೊಂದು ರಕ್ಷಣೆಯ ಕನ್ನಡಕ ಹಾಕಿ, ಕೂತಿದ್ದ ಹಾಗೇ ಸೀಟನ್ನು ಹಿಂದಕ್ಕೆ ಸರಿಸಿ, ಗೋಡೆಯನ್ನು ತಟ್ಟಿದೆ. ಹೊರಗಿದ್ದ ತಗಡಿನ ಕೆಲಸಗಾರ ಗರಗಸ ಶುರುಮಾಡಿದ. ಇಡೀ ವಿಮಾನ ಹಲ್ಲುನೋವು ಬಂದವರ ಹಾಗೆ ನಡುಗಿತು. ಗೋಡೆಯಲ್ಲಿ ಬೆಳಕಿನ ಗೆರೆಯೊಂದು ಬಾಗುತ್ತಾ ಬಾಗುತ್ತಾ ಸುತ್ತಿ ಬಂದು ಕೂಡಿಕೊಂಡಿತು. ತುಂಡು ಹೊರಕ್ಕೆ ಬಿತ್ತು.

ಚಿಕ್ಕಮ್ಮ ನನ್ನನ್ನು ನೋಡಿದಳು. ಸೀಟನ್ನು ತಾನೇ ಮುಂದಕ್ಕೆ ಎಳೆದುಕೊಂಡು ಮುಖ ತಿರುಗಿಸಿದಳು. ತೂತಿನ ತುಂಬ ಕೆಲಸಗಾರನ ಬೆವರಿದ ಮುಖವಿತ್ತು.

"ಸ್ವಲ್ಪ ಸರೀತೀರಾ?" ಎಂದಳು.

ಅವನು ಏಣಿಯ ಮೇಲೆ ಪಕ್ಕಕ್ಕೆ ಸರಿದ.

"ಅಂದು ಹಾಗೆ ಅನ್ನಬಾರದಿತ್ತು, ಚಿಕ್ಕಮ್ಮ," ಎಂದೆ. ಅವಳು ತಿರುಗದೆ ಕೈ ಹಿಂದಕ್ಕೆ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಏನು ಕಾಣುತ್ತೆ?"

"ಹುಲ್ಲು." ಬಹಳ ಹೊತ್ತು ನೋಡಿದಳು. "ತಂತಿ ಬೇಲಿ. ಒಂದು ನಾಯಿ. ಉತ್ತರಕ್ಕೆ ಹೋಗ್ತಾ ಇದೆ, ನಿಧಾನಕ್ಕೆ. ಈಗ ನಿಂತ್ಕೊಂಡ್ತು."

"ಅಷ್ಟೇನಾ?"

"ಬೇಲಿ ಮೇಲೆ ಯಾರೋ ಅಂಗಿ ಒಣಹಾಕಿದ್ದಾರೆ ಕಣೇ," ಎಂದಳು.

ಹೊರಗಿನಿಂದ ಕೆಲಸಗಾರ, "ನಂದೇ ಅಮ್ಮ, ತೆಗೀಲಾ?" ಎಂದ.

"ಬೇಡ, ಇರಲಿ."