ಖಾಲಿ ಚೀಲದ ಸವಾರಿ

ಕೆಂಪಾಪುರದ ದ್ರೌಪದಮ್ಮ ಸೈಕಲ್ಲು ಹತ್ತುವ ಮೊದಲು ಅದರ ಹ್ಯಾಂಡಲ್ಲಿಗೆ ಒಂದು ಖಾಲಿ ಬಟ್ಟೆಚೀಲ ತೂಗುಹಾಕುತ್ತಾರೆ. ಅರವತ್ತು ದಾಟಿದ ಹೆಂಗಸು ಬೆಳಗಿನ ಗಾಳಿಗೆ ಸುಮ್ಮನೆ ಸೈಕಲ್ಲು ತುಳಿಯುವುದೆಂದರೆ ಅವರ ಮಟ್ಟಿಗೆ ನಡುಬೀದಿಯಲ್ಲಿ ತಲೆ ಬಾಚಿಕೊಂಡಷ್ಟು ನಾಚಿಕೆಗೇಡು; ಚೀಲವೊಂದು ತೂಗುತ್ತಿದ್ದರೆ ಅದು ಸವಾರಿಯಲ್ಲ, ಮನೆಗೆಲಸ. ಮನೆಯ ಮುಂದೆ ಹತ್ತುವುದೂ ಇಲ್ಲ. ಹಸುವನ್ನು ನೀರಿಗೆ ಕರೆದೊಯ್ಯುವವರ ಹಾಗೆ ಸೀಟಿನ ಮೇಲೊಂದು ಕೈಯಿಟ್ಟು, ತಲೆ ತಗ್ಗಿಸಿ, ಬೀದಿಯ ಕೊನೆಯವರೆಗೂ ನಡೆಸಿಕೊಂಡು ಹೋಗಿ, ತಿರುವಿನಲ್ಲಿ ಸೆರಗು ಬಿಗಿದು, ಆಚೀಚೆ ನೋಡಿ ಹತ್ತುತ್ತಾರೆ.

"ಎಲ್ಲಿಗೆ ದ್ರೌಪದಕ್ಕ, ಜುಮ್ಮಂತ ಹೊಂಟ್‌ಬುಟ್ಟೆ?" ಎಂದು ಎದುರುಮನೆಯ ನಾರಾಯಣಮ್ಮ ಕೂಗಿದಾಗ ಪಕ್ಕದ ಮನೆಯ ನಾನೂ ಅಲ್ಲೇ ಇದ್ದೆ.

"ಕೊತ್ತಂಬ್ರಿ ತರಕ್ಕೆ ಕಣೇ," ಎಂದರು.

ಆ ನೆಪ ಬಹಳ ದಿನ ನೆಪವಾಗಿ ಉಳಿಯಲಿಲ್ಲ. "ಎಂಗೂ ಓಗ್ತೀರಲ್ಲ ಅತ್ತೆ, ಹಾಲು ತಂದ್ಬಿಡಿ," ಎಂದಳು ಸೊಸೆ. ಮಗ ಇಸ್ತ್ರಿ ಬಟ್ಟೆ ಕೊಟ್ಟ. ಗಂಡ ಮುನಿಶಾಮಿಗೆ ಮಾತ್ರೆ ಬೇಕಾಯಿತು. ಜಕ್ಕೂರು ಕೆರೆಯ ಕಡೆಗೆ ಹೊರಟ ಸೈಕಲ್ಲು ಅಂಗಡಿಸಾಲಿನಲ್ಲೇ ಸುತ್ತತೊಡಗಿತು. ಅದಾದರೂ ಮೊಮ್ಮಗಳು ಬೇಡವೆಂದು ಬಿಟ್ಟ, ಮುಂದಕ್ಕೆ ಬಾಗಿ ಓಡಿಸುವ ಗೇರ್ ಸೈಕಲ್ಲು.

"ಕಸ ಗುಡ್ಸಕ್ಕೂ ಬಗ್ಬೇಕು, ಬಚ್ಚಲು ತಿಕ್ಕಕ್ಕೂ ಬಗ್ಬೇಕು. ಇದ್ರ ಮೇಲೂ ಬಗ್ಬೇಕಾ?" ಎಂದು ಒಮ್ಮೆ ನನ್ನನ್ನು ಮೆಲ್ಲಗೆ ಕೇಳಿ, ಕೇಳಿದ್ದಕ್ಕೇ ನಾಚಿ ಮಾತು ಬದಲಿಸಿದರು.

ಕೊನೆಗೆ ಮಂಡಿ, ಮಣಿಕಟ್ಟುಗಳೇ ಜಗಳಕ್ಕೆ ನಿಂತಾಗ ಆರ್.ಟಿ. ನಗರದ ಸೈಕಲ್ ಅಂಗಡಿಗೆ ಹೊರಟರು. ಗಂಡ ಹೆಂಡತಿಯ ಜೊತೆ ನಾನೂ. ಮುನಿಶಾಮಿ ಹೋದವರೇ ದಪ್ಪ ಟೈರಿನದೊಂದನ್ನು ಒತ್ತಿ ಒತ್ತಿ ನೋಡತೊಡಗಿದರು.

"ಓಡ್ಸೋದು ಅಮ್ಮ ತಾನೇ ಸಾರ್? ಅವ್ರೇ ಕೂತ್ ನೋಡ್ಲಿ ಬಿಡಿ," ಎಂದು ಅಂಗಡಿಯ ಗಯಾಸ್, ನಡುವಿನ ಕಂಬಿ ತಗ್ಗಿದ, ಹ್ಯಾಂಡಲ್ಲು ಎದೆಯತ್ತ ಬಾಗಿ ಬರುವ, ಅಗಲ ಸೀಟಿನದೊಂದನ್ನು ಹೊರಗೆ ತಂದ. ದ್ರೌಪದಮ್ಮ ಕೂತರು. ಪಾದ ನೆಲ ಮುಟ್ಟಿತು, ಬೆನ್ನು ನೆಟ್ಟಗಾಯಿತು. ಅವರು ಇಷ್ಟು ಎತ್ತರದವರೆಂದು ನನಗೆ ಗೊತ್ತೇ ಇರಲಿಲ್ಲ.

"ಇಂಗ್ ಕುಂತ್ರೆ ಎಲ್ರಿಗೂ ಕಾಣ್ತೀನಲ್ಲಪ್ಪ," ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ.

"ಕಾಣ್ಲಿ ಬಿಡೀಮ್ಮ. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್ ಹಾಕ್ಬಿಡ್ತೀನಿ."

"ಆಕಪ್ಪ, ಆಕು. ಗ್ಯಾಸ್ ಸಿಲಿಂಡ್ರೂ ತತ್ತಾಳೆ!" ಎಂದು ಮುನಿಶಾಮಿ ನಕ್ಕರು.

ದ್ರೌಪದಮ್ಮ ಸೀಟಿನಿಂದ ಇಳಿಯಲಿಲ್ಲ. ಹೆಬ್ಬೆರಳಿನಿಂದ ಬೆಲ್ಲನ್ನು ಉಜ್ಜುತ್ತ, ನೆಲ ನೋಡುತ್ತ ಹೇಳಿದರು: "ಎರಡೂ ಬ್ಯಾಡ."

"ಯಾಕಮ್ಮಿ? ಅನುಕೂಲ ಅಲ್ವಾ?" ಗಂಡ ನಗುತ್ತಲೇ ಕೇಳಿದರು.

"ಇದ್ರೆ ತುಂಬ್ತೀರ."

ಮುನಿಶಾಮಿಯ ನಗು ನಿಂತಿತು. ಗಯಾಸ್ ಸ್ಪ್ಯಾನರ್ ಹುಡುಕುವ ನೆವದಲ್ಲಿ ಒಳಗೆ ಹೋದ. ಇಷ್ಟು ಆಡಿದ್ದಕ್ಕೇ ಆಕೆ ಮನೆ ಸೇರುವವರೆಗೆ ಯಾರ ಮುಖವನ್ನೂ ನೋಡಲಿಲ್ಲ.

ಈಗ ಬುಟ್ಟಿಯಿಲ್ಲದ, ಕ್ಯಾರಿಯರಿಲ್ಲದ ಆ ಸೈಕಲ್ಲಿನಲ್ಲಿ ಬೆನ್ನು ನೆಟ್ಟಗಿಟ್ಟು ಕೆರೆಯವರೆಗೂ ಹೋಗಿಬರುತ್ತಾರೆ. ಇಂದಿಗೂ ತಿರುವು ದಾಟಿಯೇ ಹತ್ತುವುದು. ಹ್ಯಾಂಡಲ್ಲಿನಲ್ಲಿ ಅದೇ ಬಟ್ಟೆಚೀಲ. ಮೊನ್ನೆ ಹತ್ತಿರದಿಂದ ನೋಡಿದೆ: ಅದರ ಬಾಯಿಯನ್ನು ಕಪ್ಪು ದಾರದಲ್ಲಿ ಒತ್ತೊತ್ತಾಗಿ ಹೊಲಿದುಬಿಟ್ಟಿದ್ದಾರೆ.

ಜೀವಮಾನವಿಡೀ ಇನ್ನೊಬ್ಬರ ಕೆಲಸಕ್ಕೆ ಬಗ್ಗಿದ ಇಂಥ ಹೆಂಗಸರು ತಮ್ಮದೊಂದು ಸಣ್ಣ ಸುಖವನ್ನು ಕದ್ದ ಮಾಲಿನಂತೆ ಹೊತ್ತು ತಿರುಗುತ್ತಾರೆ. ಅವರ ನಾಚಿಕೆಗೆ ನಾವು ಒಳ್ಳೆಯತನವೆಂದು ಹೆಸರಿಟ್ಟು ಇನ್ನೊಂದು ಕೆಲಸ ಹೇಳುತ್ತೇವೆ. ಆ ನಾಚಿಕೆ ಹೋಗಲಿ ಎಂದು ಕಾಯುತ್ತ ಕೂರುವಷ್ಟು ವಯಸ್ಸು ಅವರಿಗೆ ಉಳಿದಿಲ್ಲ. ಅದನ್ನು ಎದುರಿಗೇ ತೂಗುಹಾಕಿಕೊಂಡು ಹೊರಟುಬಿಡುತ್ತಾರೆ.