ಹಿತ್ತಲ ಮೂರೆಲೆ

ಮಣ್ಣಿಗೆಂದು ಊರಿನಿಂದ ಬಂದಿದ್ದ ಹಿರಿಯ ದೇವಲಪ್ಪ ಹಿತ್ತಲ ಮೋಟುಗಿಡದ ಚಿಗುರನ್ನು ಬಗ್ಗಿಸಿ, ಕನ್ನಡಕ ಸರಿಪಡಿಸಿಕೊಂಡು ನೋಡುತ್ತಲೇ ಇದ್ದ. ಒಳಗೆ ಬಾಳಮ್ಮನ ಹೆಣಕ್ಕೆ ನೀರು ಹಾಕಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಬಿಲ್ವಪತ್ರಿ ತರಲು ಫೋಂಡಾ ಪೇಟೆಗೆ ಹೋದ ನೆರೆಮನೆಯ ಯಮನೂರ ಇನ್ನೂ ಬಂದಿರಲಿಲ್ಲ.

“ಕಂಠೆಪ್ಪಾ, ಇಲ್ಲಿ ಬಾ. ಯಮನೂರಗ ಫೋನ್ ಹಚ್ಚಿ ತಿರುಗಿ ಬಾ ಅನ್ನು. ಪತ್ರಿ ಇಲ್ಲೇ ಐತಿ.”

“ಅದು ಮುಳ್ಳುಕಂಟಿ ಐತ್ರಿ ಕಾಕಾ.”

“ಮುಳ್ಳು ಇದ್ದದ್ದಕ್ಕ ಪತ್ರಿ ಅನ್ನಾಕತ್ತೇನಿ. ಒಂದ ತೊಟ್ಟಿಗೆ ಮೂರೆಲಿ, ನಡುವಿಂದು ಉದ್ದ. ಎಳೀವು ತಾಮ್ರದ ಬಣ್ಣ. ತಿಕ್ಕಿ ಮೂಸಿ ನೋಡು. ಇಂಥಾ ಗಿಡಾ ಯಾರು ಕಡದ್ರೋ ಮಾರಾಯಾ?”

ಹೆಂಡತಿ ಸತ್ತಾಗಲೂ ಗಟ್ಟಿಯಾಗಿಯೇ ನಿಂತಿದ್ದ ಕಂಠೆಪ್ಪ ಈಗ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ.

*

ಆ ಗಿಡ ಯಾರೂ ನೆಟ್ಟದ್ದಲ್ಲ. ಕಂಠೆಪ್ಪನಿಗೆ ಮಡ್ಕಯಿಯ ಕಾರ್ಖಾನೆಯಲ್ಲಿ ಮೂಟೆ ಹೊರುವ ಕೆಲಸ ಸಿಕ್ಕು, ಊರು ಬಿಟ್ಟು ಈ ಬಾಡಿಗೆ ಮನೆಗೆ ಬಂದ ವರ್ಷವೇ ಎದ್ದಿತ್ತು. ಬಾಳಮ್ಮ ಅಕ್ಕಿ ತೊಳೆದ ನೀರನ್ನು ಅದರ ಬುಡಕ್ಕೇ ಚೆಲ್ಲುತ್ತಿದ್ದಳು.

“ನೋಡ್ರಿ, ಮೂರೆಲಿ ಬಿಟ್ಟೈತಿ. ನನಗ ಪತ್ರಿ ಅನಸ್ತೈತಿ.”

“ಮೂರೆಲಿ ಇದ್ದದ್ದೆಲ್ಲಾ ಪತ್ರಿ ಆದ್ರ, ಕಾಡೆಲ್ಲಾ ಕಾಶಿ ಆಗತಿತ್ತು ಬಿಡು.”

“ಹಂಗಲ್ರಿ. ಒಂದೀಟ ಎದ್ದು ಬಂದು ನೋಡ್ರಿ. ಇಬ್ಬರು ನೋಡಿದ್ರ ಖರೇ ಗೊತ್ತಾಗತೈತಿ.”

ಕಂಠೆಪ್ಪ ಏಳಲಿಲ್ಲ. ಪಾಳಿ ಮುಗಿಸಿ ಬಂದವನಿಗೆ ಗಿಡದ ಗೊಡವೆ ಯಾಕೆ? ಗೊತ್ತಿಲ್ಲದ ಎಲೆಯನ್ನು ಲಿಂಗಕ್ಕೆ ಏರಿಸಲು ಅವಳಿಗೂ ಅಂಜಿಕೆ. ಶ್ರಾವಣ ಸೋಮವಾರ ಬಂತೆಂದರೆ ಬಸ್ಸು ಹಿಡಿದು ಫೋಂಡಾದಿಂದ ಪತ್ರಿ ತರುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಹೊಸ ಗಾಡಿ ನಿಲ್ಲಿಸಲು ಜಾಗ ಬೇಕೆಂದು ಅವನೇ ಕೊಡಲಿ ಹಾಕಿದ. ಬಾಳಮ್ಮ ಬೇಡ ಅನ್ನಲಿಲ್ಲ. ಬಿದ್ದ ಟೊಂಗೆಗಳನ್ನು ಮಾತ್ರ ಒಲೆಗೆ ಹಾಕಗೊಡಲಿಲ್ಲ.

*

“ಕೂತರ ಹೆಂಗ? ಹೊತ್ತಾಗಾಕತ್ತೈತಿ, ಎಲಿ ಹರಿ,” ಎಂದ ದೇವಲಪ್ಪ.

ಕಂಠೆಪ್ಪ ಎದ್ದು ಒಂದೊಂದೇ ಎಲೆ ಹರಿದ. ಮಗಳು ಶ್ವೇತಾ ತಾಟು ಹಿಡಿದು ಪಕ್ಕಕ್ಕೆ ಬಂದು ನಿಂತಳು.

“ಅವ್ವ ನನಗೂ ತೋರಿಸಿದ್ಳಪ್ಪಾ,” ಎಂದಳು. “ನಾ ಟೀವಿ ನೋಡಕೋತ ಹ್ಞೂಂ ಅಂದುಬಿಟ್ಟೆ.”

ಗುಡ್ಡದಂಚಿನ ಕೆಂಪು ಕುಣಿಯಲ್ಲಿ ಬಾಳಮ್ಮನನ್ನು ಕೂಡಿಸಿ, ಪತ್ರಿಯನ್ನು ಅವಳ ಉಡಿಗೆ ಸುರಿದರು. ಮೊದಲ ಮಣ್ಣು ಗಂಡನದು. ಕಂಠೆಪ್ಪ ಬೊಗಸೆ ತುಂಬಿಕೊಂಡು, ಉಡಿಯ ಮೇಲೆ ಬೀಳದಂತೆ ಕುಣಿಯ ಮೂಲೆಗೆ ಸುರಿದ. ಎರಡನೆಯದನ್ನೂ ಅಲ್ಲಿಗೇ. ಉಳಿದವರು ಸಲಿಕೆ ಹಿಡಿದು ಕಾದರು. ಅವನು ಮೊಣಕಾಲೂರಿ, ಅಂಚಿನ ಸುತ್ತಲೂ ಮೆಲ್ಲಗೆ ಸರಿಯುತ್ತ, ಬೊಗಸೆ ಬೊಗಸೆಯಾಗಿ ಮಣ್ಣು ಇಳಿಬಿಡುತ್ತಲೇ ಇದ್ದ.